ಈವ್ ಆನ್‌ಲೈನ್: ಜಮಾಖರ್ಚು ತೆರೆದಿಟ್ಟ ಆಟ (ಶಿರಸಿಯ ಹಳೆಯ ಬಳಕೆದಾರನ ವಿಮರ್ಶೆ)

ಬಾಹ್ಯಾಕಾಶದಲ್ಲಿ ಹಡಗು ಹಾರಿಸಿ ಗುಂಡು ಹೊಡೆಯುವ ಖುಷಿಗೆ ಈವ್ ಆನ್‌ಲೈನ್ ಹುಡುಕುತ್ತಿರುವವರಿಗೆ ಈ ವಿಮರ್ಶೆಯಿಂದ ಹೆಚ್ಚು ಉಪಯೋಗವಾಗಲಿಕ್ಕಿಲ್ಲ. ನಾನು ಇದರಲ್ಲಿ ವ್ಯಾಪಾರಿ. ಲಾಕ್‌ಡೌನ್ ಹೊತ್ತಿನಲ್ಲಿ ಖಾತೆ ತೆರೆದವನು ಇವತ್ತಿಗೂ ಬಿಟ್ಟಿಲ್ಲ. ಕಂಪನಿ ತನ್ನ ಆಟದ ಜಮಾಖರ್ಚನ್ನು ಎಲ್ಲರ ಮುಂದೆ ಇಡುವ ರೀತಿಯೇ ನನ್ನನ್ನು ಹಿಡಿದು ಕೂರಿಸಿದೆ. ಹಗಲಿಡೀ ಶಿರಸಿಯ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆದವನಿಗೆ ರಾತ್ರಿಯೂ ಅದೇ ಕೆಲಸ ಬೇಕೇ ಎಂದು ಮನೆಯಲ್ಲಿ ಕೇಳುತ್ತಾರೆ. ಬೇಕು. ಮಂಡಿಯಲ್ಲಿ ಕಾಣದ್ದು ಇಲ್ಲಿ ಕಾಣುತ್ತದೆ.

ಗೊತ್ತಿಲ್ಲದವರಿಗೆ ಚುಟುಕಾಗಿ: ಐಸ್‌ಲ್ಯಾಂಡ್‌ನ ರೇಕ್ಯಾವಿಕ್‌ನಲ್ಲಿರುವ ಸಿಸಿಪಿ ಗೇಮ್ಸ್ 2003ರ ಮೇ ತಿಂಗಳಲ್ಲಿ ಬಿಟ್ಟ ಆಟ ಇದು. ಚೀನಾಕ್ಕೆ ಬೇರೆ ಸರ್ವರ್, ಉಳಿದ ಜಗತ್ತೆಲ್ಲ ಒಂದೇ ಲೋಕದಲ್ಲಿ ಆಡುತ್ತದೆ. ಹಡಗು, ಮದ್ದುಗುಂಡು, ಬಿಡಿಭಾಗಗಳಲ್ಲಿ ಬಹುಪಾಲು ಆಟಗಾರರೇ ಮಾಡಿದ್ದು. ಒಬ್ಬ ಅದಿರು ತೆಗೆಯುತ್ತಾನೆ, ಇನ್ನೊಬ್ಬ ಕರಗಿಸುತ್ತಾನೆ, ಮತ್ತೊಬ್ಬ ಹಡಗು ಕಟ್ಟುತ್ತಾನೆ, ಯಾರೋ ಅದನ್ನು ಯುದ್ಧದಲ್ಲಿ ಕಳೆದುಕೊಳ್ಳುತ್ತಾರೆ. ಹೋದ ಹಡಗು ಹೋಯಿತು, ಹೊಸದು ಬೇಕೆಂದರೆ ಮತ್ತೆ ಪೇಟೆಗೇ ಬರಬೇಕು. 2014ರ ಜನವರಿಯಲ್ಲಿ ಬಿ-ಆರ್5ಆರ್‌ಬಿ ಎಂಬಲ್ಲಿ ಆ ಜಾಗದ ಒಡೆತನಕ್ಕೆ ಕಟ್ಟಬೇಕಾದ ಒಂದು ಕಂತು ಕಟ್ಟದೆ ಉಳಿದದ್ದೇ ನೆಪವಾಗಿ ದೊಡ್ಡ ಕಾಳಗ ನಡೆಯಿತು. ಟೈಟನ್ ಎಂಬ ದೈತ್ಯ ಹಡಗುಗಳೇ 75 ನಾಶವಾದವು. ನಿಜವಾದ ಹಣದಲ್ಲಿ ಅಂದಾಜು 3 ಲಕ್ಷ ಡಾಲರ್ ಬೆಲೆಯ ಮಾಲು ಹೋಯಿತು ಎಂದು ಆಗ ಲೆಕ್ಕ ಹಾಕಿದ್ದರು.

ಆಟದ ದೊಡ್ಡ ಪೇಟೆ ಜೀಟಾ ಎಂಬ ನಕ್ಷತ್ರ ವ್ಯೂಹದಲ್ಲಿದೆ. ಟ್ರಿಟಾನಿಯಂ ಎಂಬ ತೀರಾ ಸಾಧಾರಣ ಖನಿಜವನ್ನು ಒತ್ತಿ ನೋಡಿ. ಮೇಲಿನ ಅರ್ಧದಲ್ಲಿ ಮಾರುವವರ ಸಾಲು, ಕಡಿಮೆ ಬೆಲೆಯವರು ಮೊದಲು. ಕೆಳಗಿನ ಅರ್ಧದಲ್ಲಿ ಕೊಳ್ಳುವವರ ಸಾಲು, ಹೆಚ್ಚು ಕೊಡುವವರು ಮೊದಲು. ಪ್ರತಿ ಸಾಲಿನಲ್ಲೂ ಬೆಲೆ, ಪ್ರಮಾಣ, ಆರ್ಡರ್ ಮುಗಿಯಲು ಉಳಿದ ಸಮಯ. ಆರ್ಡರ್ ಹಾಕಿದವರ ಹೆಸರು ಮಾತ್ರ ಕಾಣುವುದಿಲ್ಲ. ನಮ್ಮ ಅಡಿಕೆ ಟೆಂಡರಿನಲ್ಲಿ ರಾಶಿಯದ್ದೋ ಚಾಲಿಯದ್ದೋ ಗೆದ್ದ ದರ ಸಂಜೆಗೆ ಗೊತ್ತಾಗುತ್ತದೆ, ಸೋತವರು ಎಷ್ಟು ಬರೆದಿದ್ದರು ಎಂಬುದು ಬೆಳೆಗಾರನಿಗೆ ತಿಳಿಯುವುದು ಅಪರೂಪ. ಜೀಟಾದಲ್ಲಿ ಇನ್ನೂ ಗೆಲ್ಲದೆ ಕಾದಿರುವ ಬೆಲೆಗಳೂ ಬಿಚ್ಚಿಟ್ಟಿರುತ್ತವೆ. ಪೇಟೆಯ ಕಸುವು ಎಷ್ಟಿದೆ ಎಂದು ಅಳೆಯಲು ಅದಕ್ಕಿಂತ ಒಳ್ಳೆಯ ಅಳತೆಗೋಲು ನಾನು ಕಂಡಿಲ್ಲ.

ಇದೇ ಮಾಹಿತಿಯನ್ನು ಕಂಪನಿ ಎಪಿಐ (ಬೇರೆ ತಂತ್ರಾಂಶಗಳು ನೇರವಾಗಿ ಮಾಹಿತಿ ಪಡೆಯುವ ದಾರಿ) ಮೂಲಕ ಹೊರಗೂ ಬಿಟ್ಟಿದೆ. ಒಂದೊಂದು ಪ್ರದೇಶದ ಒಂದೊಂದು ವಸ್ತುವಿಗೂ ದಿನದ ಕನಿಷ್ಠ, ಗರಿಷ್ಠ, ಸರಾಸರಿ ದರ, ಎಷ್ಟು ಮಾಲು ಕೈಬದಲಾಯಿತು ಎಂಬುದು ಸಿಗುತ್ತದೆ. ಅರ್ಜಿ ಹಾಕಬೇಕಿಲ್ಲ, ಯಾರ ಪರಿಚಯವೂ ಬೇಡ. ಬಿ.ಕಾಂ ಓದುತ್ತಿರುವ ತಂಗಿಯ ಮಗಳು ರಜೆಗೆ ಬಂದಾಗ ಇಬ್ಬರೂ ಕೂತು ಒಂದಿಷ್ಟು ಖನಿಜಗಳ ದರವನ್ನು ಎಕ್ಸೆಲ್‌ಗೆ ಇಳಿಸಿ ಸೂಚ್ಯಂಕ ಕಟ್ಟಿದೆವು. "ಮಾವಾ, ಪುಸ್ತಕದಲ್ಲಿ ಬರೀ ಸೂತ್ರ ಇದ್ದು, ಇಲ್ಲಿ ಮಾಲೂ ಕಾಣ್ತು" ಅಂದಳು. ಕಂಪನಿಯ ತಿಂಗಳ ಆರ್ಥಿಕ ವರದಿಯಲ್ಲೂ ಖನಿಜ ದರ ಸೂಚ್ಯಂಕ, ಗ್ರಾಹಕ ದರ ಸೂಚ್ಯಂಕ ಇರುತ್ತವೆ. ನಾವು ಕಟ್ಟಿದ್ದನ್ನು ಅದರ ಪಕ್ಕ ಇಟ್ಟು ಎಲ್ಲಿ ಬೇರೆಯಾಗುತ್ತದೆ, ಯಾಕೆ ಎಂದು ವಾದ ಮಾಡುವುದರಲ್ಲೇ ಆ ರಜೆ ಕಳೆಯಿತು.

ಈ ವರದಿಯಲ್ಲಿ ನಾನು ಮೊದಲು ತೆರೆಯುವುದು ಹಣದ ಒಳಹರಿವು ಹೊರಹರಿವಿನ ಪಟ್ಟಿ. ಆಟದಲ್ಲಿ ಕಂಪ್ಯೂಟರ್ ನಡೆಸುವ ಬಾಹ್ಯಾಕಾಶದ ದರೋಡೆಕೋರರನ್ನು ಹೊಡೆದರೆ ಬಹುಮಾನ ಬರುತ್ತದೆ. ಆ ಹಣ ಯಾರ ಜೇಬಿನಿಂದಲೂ ಬಂದದ್ದಲ್ಲ, ಹೊಸದಾಗಿ ಹುಟ್ಟಿದ್ದು. ಮಾರಾಟ ತೆರಿಗೆ, ದಲಾಲಿ ಶುಲ್ಕ ಕಟ್ಟಿದರೆ ಆ ಹಣ ಲೋಕದಿಂದಲೇ ಮಾಯ. ಹುಟ್ಟಿದ್ದು ಹೆಚ್ಚಾಗಿ ಮಾಯವಾದದ್ದು ಕಡಿಮೆಯಾದರೆ ಬೆಲೆ ಏರುತ್ತದೆ. ಯಾವ ಬಾಬ್ತಿನಿಂದ ಎಷ್ಟು ಹುಟ್ಟಿತು, ಯಾವುದರಲ್ಲಿ ಎಷ್ಟು ಹೋಯಿತು ಎಂದು ಸಾಲುಸಾಲಾಗಿ ಕೊಡುತ್ತಾರೆ. ಪ್ರದೇಶವಾರು ಎಷ್ಟು ಅದಿರು ಬಂತು, ಎಷ್ಟು ತಯಾರಾಯಿತು, ಎಷ್ಟು ನಾಶವಾಯಿತು ಎಂಬುದೂ ಇದೆ. ವರದಿಯ ಗ್ರಾಫ್ ಚಿತ್ರಗಳ ಹಿಂದಿನ ಅಂಕಿಗಳ ಕಡತವನ್ನೂ ಇಳಿಸಿಕೊಳ್ಳಬಹುದು.

ಇದು ತಾನಾಗಿ ಬಂದ ಔದಾರ್ಯವೇನಲ್ಲ. ಕಂಪನಿಯ ನೌಕರನೊಬ್ಬ ತನ್ನ ಗುಂಪಿಗೆ ವಸ್ತು ತಯಾರಿಸಲು ಬೇಕಾದ ಬೆಲೆಬಾಳುವ ನಕ್ಷೆಗಳನ್ನು (ಬ್ಲೂಪ್ರಿಂಟ್) ಕೊಟ್ಟದ್ದು 2007ರಲ್ಲಿ ಬಯಲಾಗಿ ದೊಡ್ಡ ಗಲಾಟೆಯಾಗಿತ್ತು. 2008ರಲ್ಲಿ ಆಟಗಾರರೇ ಚುನಾಯಿಸುವ ಮಂಡಳಿ ಬಂತು. ಅದೇ 2007ರಲ್ಲಿ ಸಿಸಿಪಿ ಎಯೋಲ್ಫುರ್ ಗುಡ್‌ಮುಂಡ್‌ಸನ್ ಎಂಬ ಅರ್ಥಶಾಸ್ತ್ರಜ್ಞರನ್ನು ನೌಕರಿಗೆ ತೆಗೆದುಕೊಂಡಿತು. ಅವರ ಕಾಲದಲ್ಲಿ ಮೂರು ತಿಂಗಳಿಗೊಮ್ಮೆ ವರದಿ ಬರುತ್ತಿತ್ತು, ಅಂಕಿಗಳ ಜೊತೆ ವಿವರಣೆಯೂ ಇರುತ್ತಿತ್ತು. 2014ರಲ್ಲಿ ಅವರು ಆಕುರೇರಿ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿ ಹೋದರು. ಈಗಿನ ತಿಂಗಳ ವರದಿಯಲ್ಲಿ ಚಿತ್ರಗಳು ಧಾರಾಳ, ಮಾತು ಕಡಿಮೆ. ಒಂದು ಗೆರೆ ಯಾಕೆ ಕುಸಿಯಿತು ಎಂದು ಬರೆದು ಹೇಳುವ ಒಬ್ಬ ಓದಿದ ಮನುಷ್ಯ ಅಲ್ಲಿ ಇರಬೇಕು. ನನ್ನ ಮುಖ್ಯ ದೂರು ಇದೇ.

ಬೇರೆ ಆಟಗಳ ಕಥೆ ನೋಡಿದರೆ ಈ ಲೆಕ್ಕದ ಪುಸ್ತಕ ತೆರೆದಿಟ್ಟದ್ದರ ಬೆಲೆ ತಿಳಿಯುತ್ತದೆ. 2001ರಲ್ಲಿ ಅರ್ಥಶಾಸ್ತ್ರಜ್ಞ ಎಡ್ವರ್ಡ್ ಕಾಸ್ಟ್ರೊನೋವಾ ಎವರ್‌ಕ್ವೆಸ್ಟ್ ಆಟದ ನೊರಾತ್ ಲೋಕದ ತಲಾ ಉತ್ಪನ್ನ ಲೆಕ್ಕ ಹಾಕಿ, ಅದು ರಷ್ಯಾಕ್ಕೂ ಬಲ್ಗೇರಿಯಾಕ್ಕೂ ನಡುವೆ ನಿಲ್ಲುತ್ತದೆ ಎಂದು ಬರೆದರು. ಅವರ ಕೈಯಲ್ಲಿದ್ದದ್ದು ಆಟದ ಹೊರಗಿನ ಹರಾಜಿನ ದರ ಮತ್ತು ಆಟಗಾರರ ಸಮೀಕ್ಷೆ. ಹೊರಗೆ ನಿಂತು ಕಿಟಕಿಯಿಂದ ಇಣುಕಿ ಅಷ್ಟು ಮಾಡಿದರು. ಆಮೇಲೆ ಸೋನಿ ಆನ್‌ಲೈನ್ ಎಂಟರ್‌ಟೇನ್‌ಮೆಂಟ್ ಎವರ್‌ಕ್ವೆಸ್ಟ್ 2ರ ಸರ್ವರ್ ದಾಖಲೆಗಳನ್ನೇ ಅಮೆರಿಕದ ಸಂಶೋಧಕರ ತಂಡವೊಂದಕ್ಕೆ ಕೊಟ್ಟಿತು. ಅದೇ ತಂಡ ಆಟದೊಳಗಿನ ವಸ್ತುವೊಂದನ್ನು ಉಡುಗೊರೆ ಕೊಟ್ಟು ಆಟಗಾರರ ಸಮೀಕ್ಷೆಯನ್ನೂ ಮಾಡಿತ್ತು. ಎರಡನ್ನೂ ತಾಳೆ ನೋಡಿದಾಗ, ಜನ ತಾವು ಹೇಳಿದ್ದಕ್ಕಿಂತ ಹೆಚ್ಚು ಹೊತ್ತು ಆಡುತ್ತಿದ್ದರು ಎಂಬುದು ಸಿಕ್ಕಿತು. ಬಾಯಿಮಾತಿನ ಲೆಕ್ಕಕ್ಕೂ ಪುಸ್ತಕದ ಲೆಕ್ಕಕ್ಕೂ ಇರುವ ಅಂತರ ಕಂಪನಿ ಬಾಗಿಲು ತೆಗೆಯದೆ ಗೊತ್ತಾಗುವ ಹಾಗಿರಲಿಲ್ಲ.

ಆದರೆ ಬಾಗಿಲು ಒಂದು ತಂಡಕ್ಕೆ ತೆರೆದರೆ ಅದು ಅವರಿಗಷ್ಟೇ ಸಿಕ್ಕ ಅವಕಾಶ. ಅವರು ಬರೆದದ್ದನ್ನು ಇನ್ನೊಬ್ಬರು ಅದೇ ದಾಖಲೆ ಹಿಡಿದು ಪರೀಕ್ಷಿಸುವುದು ಕಷ್ಟ. ವಿಡಿಯೊ ಗೇಮ್ ಮಾಡುವ ವಾಲ್ವ್ ಕಂಪನಿ 2012ರಲ್ಲಿ ಅರ್ಥಶಾಸ್ತ್ರಜ್ಞ ಯಾನಿಸ್ ವರೂಫಾಕಿಸ್ ಅವರನ್ನು ಒಳಗೇ ಕೂರಿಸಿಕೊಂಡಿತು. ಅವರು 2015ರಲ್ಲಿ ಗ್ರೀಸಿನ ಹಣಕಾಸು ಮಂತ್ರಿಯಾದರು. ಅಷ್ಟು ದೊಡ್ಡ ಅರ್ಥಶಾಸ್ತ್ರಜ್ಞರಿದ್ದರೂ ನೌಕರಿಯಲ್ಲಿರುವವರು ಏನು ಪ್ರಕಟಿಸಬೇಕು ಎಂದು ತೀರ್ಮಾನಿಸುವುದು ಕೊನೆಗೆ ಕಂಪನಿಯೇ. ಈವ್‌ನಲ್ಲಿ ಅರ್ಥಶಾಸ್ತ್ರಜ್ಞರು ಹೋದ ಮೇಲೂ ಅಂಕಿಗಳು ಬರುತ್ತಲೇ ಇವೆ. ಹೊನ್ನಾವರದ ಕಾಲೇಜಿನ ಹುಡುಗಿಗೂ ಹಾರ್ವರ್ಡ್‌ನ ಪ್ರೊಫೆಸರಿಗೂ ಸಿಗುವುದು ಅದೇ ಕಡತ. ನನಗೆ ಇದು ಎಲ್ಲಕ್ಕಿಂತ ದೊಡ್ಡ ಗುಣ.

ವಿಜ್ಞಾನದ ಕೆಲಸ ಆಟದೊಳಗೂ ನಡೆಯುತ್ತದೆ. ಪ್ರಾಜೆಕ್ಟ್ ಡಿಸ್ಕವರಿ ಎಂಬ ಕಾರ್ಯಕ್ರಮ 2016ರಲ್ಲಿ, ಮನುಷ್ಯ ದೇಹದ ಪ್ರೋಟೀನುಗಳ ನಕ್ಷೆ ಮಾಡುವ ಹ್ಯೂಮನ್ ಪ್ರೋಟೀನ್ ಅಟ್ಲಾಸ್‌ನ ಜೀವಕೋಶದ ಚಿತ್ರಗಳೊಂದಿಗೆ ಶುರುವಾಯಿತು. ಚಿತ್ರ ನೋಡಿ ಪ್ರೋಟೀನ್ ಜೀವಕೋಶದ ಯಾವ ಭಾಗದಲ್ಲಿದೆ ಎಂದು ಆಟಗಾರರು ಗುರುತಿಸಬೇಕು, ಅದಕ್ಕೆ ಆಟದಲ್ಲಿ ಬಹುಮಾನ. 3 ಲಕ್ಷಕ್ಕೂ ಹೆಚ್ಚು ಆಟಗಾರರು ಸುಮಾರು 3.3 ಕೋಟಿ ಗುರುತು ಮಾಡಿದ್ದು 2018ರಲ್ಲಿ ನೇಚರ್ ಬಯೋಟೆಕ್ನಾಲಜಿ ಪತ್ರಿಕೆಯಲ್ಲಿ ಪ್ರಕಟವಾಯಿತು. 2020ರಲ್ಲಿ ಕೋವಿಡ್ ಸಂಶೋಧನೆಗೆ ಸಂಬಂಧಿಸಿದ ರಕ್ತಕಣಗಳ ಮಾಹಿತಿ ಬಂತು. ಅದು ಪರದೆಯ ಮೇಲೆ ಚುಕ್ಕೆಗಳಾಗಿ ಕಾಣುತ್ತದೆ, ಚುಕ್ಕೆಗಳ ಗುಂಪಿನ ಸುತ್ತ ಗೆರೆ ಎಳೆಯಬೇಕು. ನಾನು ಸೇರಿದ ಹೊಸತರಲ್ಲಿ ಅದೇ ನಡೆಯುತ್ತಿತ್ತು. ಹೊರಗೆ ಊರಿಗೆ ಊರೇ ಬಾಗಿಲು ಹಾಕಿ ಕೂತಿದ್ದ ದಿನಗಳಲ್ಲಿ ಆ ಗೆರೆಗಳನ್ನು ಮನಸ್ಸಿಟ್ಟು ಎಳೆದಿದ್ದೇನೆ. ಇದರಲ್ಲಿ ಆಟಗಾರನಿಗೆ ತಾನು ಯಾವ ಸಂಶೋಧನೆಗೆ ಕೈಹಾಕುತ್ತಿದ್ದೇನೆ ಎಂದು ಮೊದಲೇ ಗೊತ್ತಿರುತ್ತದೆ. ಬೇಡವಾದರೆ ಆ ಕಿಟಕಿ ತೆರೆಯದಿದ್ದರಾಯಿತು. ನಮ್ಮ ಓಡಾಟ, ಮಾತುಕತೆ, ಖರೀದಿಗಳನ್ನು ಸದ್ದಿಲ್ಲದೆ ಎತ್ತಿಕೊಂಡು ಪ್ರಬಂಧ ಬರೆಯುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ. ಪೇಟೆಯ ಮೊತ್ತ ಎಲ್ಲರದ್ದು, ಅದನ್ನು ಧಾರಾಳವಾಗಿ ಬಿಡಲಿ. ಒಬ್ಬೊಬ್ಬರ ದಾಖಲೆ ಬೇಕಾದಾಗ ಅವರನ್ನೇ ಕೇಳಿ ಪಡೆಯಬೇಕು.

ಇನ್ನು ಬಳಕೆಯ ಮಾತು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು, ನೆಟ್ ಎರಡನ್ನೂ ನಂಬುವಂತಿಲ್ಲ. ವ್ಯಾಪಾರಿಗೆ ಅದರಿಂದ ನಷ್ಟವಿಲ್ಲ: ಆರ್ಡರ್ 90 ದಿನದವರೆಗೆ ತಾನಾಗಿ ನಿಂತಿರುತ್ತದೆ, ನಮ್ಮ ಪಾತ್ರದ ಕೌಶಲ ತರಬೇತಿ ಲಾಗಿನ್ ಇಲ್ಲದೆಯೂ ಸಾಗುತ್ತದೆ. ಸರ್ವರ್ ಲಂಡನ್ನಿನಲ್ಲಿದ್ದರೂ ಆಟ ಸೆಕೆಂಡಿಗೊಂದು ಹೆಜ್ಜೆಯಂತೆ ನಡೆಯುವುದರಿಂದ ಸಿಗ್ನಲ್ ತುಸು ನಿಧಾನವಾದರೂ ಅಡ್ಡಿಯಿಲ್ಲ. ದಿನಾ ಸಂಜೆ 4.30ಕ್ಕೆ ಸರ್ವರ್ ಸ್ವಲ್ಪ ಹೊತ್ತು ನಿಲ್ಲಿಸುತ್ತಾರೆ, ಚಹಾಕ್ಕೆ ಸರಿಹೋಗುತ್ತದೆ.

ಬೆಲೆ ಮಾತ್ರ ಭಾರ. ತಿಂಗಳ ಚಂದಾವನ್ನು 2022ರಲ್ಲಿ 14.99 ಡಾಲರಿನಿಂದ 19.99ಕ್ಕೆ ಏರಿಸಿದರು. ನಮ್ಮ ಲೆಕ್ಕಕ್ಕೆ ಸಾವಿರದೈನೂರು ರೂಪಾಯಿಗೂ ಮೇಲೆ. ಆಟದ ಹಣದಲ್ಲೇ ಪ್ಲೆಕ್ಸ್ (ಚಂದಾಕ್ಕೆ ಬದಲಾಗಿ ನಡೆಯುವ ಟೋಕನ್) ಕೊಂಡು ಚಂದಾ ಕಟ್ಟುವ ದಾರಿಯಿದೆ, 500 ಪ್ಲೆಕ್ಸ್‌ಗೆ 30 ದಿನ. ಆದರೆ ಅಷ್ಟು ದುಡಿಯಲು ಹೊಸಬರಿಗೆ ಬಹಳ ಸಮಯ ಬೇಕು. ಕನ್ನಡದಲ್ಲಿ ಇಲ್ಲ, ಇಂಗ್ಲಿಷ್ ಓದಲು ಬೇಸರವಿರುವವರಿಗೆ ಕಷ್ಟ. ವಂಚನೆ ಇಲ್ಲಿ ಆಟದ ನಿಯಮದೊಳಗೇ ಇದೆ. ಜೀಟಾದ ಚಾಟ್‌ನಲ್ಲಿ ಹಣ ದುಪ್ಪಟ್ಟು ಮಾಡಿಕೊಡುತ್ತೇವೆ ಎನ್ನುವವರಿಗೆ ಒಂದು ಬಿಡಿಗಾಸೂ ಕಳಿಸಬೇಡಿ.

ನನ್ನ ಅಂಕ 5ಕ್ಕೆ 4. ವಾಣಿಜ್ಯ, ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ ಓದುವವರಿಗೂ ಕಲಿಸುವವರಿಗೂ ಧೈರ್ಯವಾಗಿ ಹೇಳುತ್ತೇನೆ. ಮೊದಲು ಉಚಿತ ಆಲ್ಫಾ ಖಾತೆಯಲ್ಲೇ ಶುರುಮಾಡಿ. ಜೀಟಾದಲ್ಲಿ ಚಿಕ್ಕದೊಂದು ಖರೀದಿ ಆರ್ಡರ್ ಹಾಕಿ, ಕಳೆದ ತಿಂಗಳ ವರದಿಯ ಕಡತ ಇಳಿಸಿಕೊಂಡು ಹಣ ಹುಟ್ಟುವ ಮಾಯವಾಗುವ ಪಟ್ಟಿಯನ್ನು ಮೊದಲು ಓದಿ. ಚಂದಾ ಕಟ್ಟುವ ವಿಚಾರ ಆಮೇಲೆ ಮಾಡಬಹುದು.