ಬ್ಲ್ಯಾಕ್ ಸ್ಟಾರ್ ಆಲ್ಬಂ: ಬೀದರಿನಿಂದ ಒಂದು ವಿಮರ್ಶೆ

ನ್ಯೂಯಾರ್ಕಿನ ಬ್ರೂಕ್ಲಿನ್ನಿನ ರ‍್ಯಾಪ್ ಗಾಯಕರಾದ ಮಾಸ್ ಡೆಫ್ ಮತ್ತು ತಾಲಿಬ್ ಕ್ವಾಲಿ ಜೊತೆಗೂಡಿ 1998ರ ಸೆಪ್ಟೆಂಬರಿನಲ್ಲಿ ರಾಕಸ್ ಎಂಬ ಸಂಗೀತ ಸಂಸ್ಥೆಯ ಮೂಲಕ ಹೊರತಂದ ‘ಬ್ಲ್ಯಾಕ್ ಸ್ಟಾರ್’ ಆಲ್ಬಂ ಇಂದು ಯಾರ ಮೊಬೈಲಿನಲ್ಲಾದರೂ ಕೇಳಸಿಗುತ್ತದೆ. ಈ ಹೆಸರು ಮೂಲತಃ ಕಪ್ಪುಜನರ ನಾಯಕ ಮಾರ್ಕಸ್ ಗಾರ್ವಿ 1919ರಲ್ಲಿ ಕಪ್ಪುಜನರಿಂದಲೇ ಬಂಡವಾಳ ಕೂಡಿಸಿ ಕಟ್ಟಿದ ಹಡಗು ಕಂಪನಿಯದು. ಕಂಪನಿ 1922ರ ಹೊತ್ತಿಗೆ ನೆಲಕಚ್ಚಿತಾದರೂ ಅದರ ಹಿಂದಿದ್ದ ಸ್ವಾಭಿಮಾನ ಅಳಿಯಲಿಲ್ಲ. ಈ ಇಬ್ಬರು ಕೈಗೆತ್ತಿಕೊಂಡಿರುವುದು ಅದನ್ನೇ.

ಬೀದರಿನವರಿಗೆ ಆಫ್ರಿಕಾ ತೀರ ಪರಕೀಯವೇನಲ್ಲ. ಊರಿನ ಪಕ್ಕದ ಹಬ್ಶಿ ಕೋಟ್ ಗುಡ್ಡದ ಮೇಲೆ ಅಬಿಸೀನಿಯಾ (ಇಂದಿನ ಇಥಿಯೋಪಿಯಾ) ಮೂಲದ ಸರದಾರರ ಗೋರಿಗಳಿವೆ. ಅಂಥವರು ಅಧಿಕಾರ ನಡೆಸಿದ ಈ ನೆಲದಲ್ಲೇ, ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು ಕೈ ತೊಳೆಯುವ ಮೊದಲೇ ‘ಹುಡುಗಿ ಲಕ್ಷಣವಾಗಿದ್ದಾಳೆ, ಬಣ್ಣ ಮಾತ್ರ ಸ್ವಲ್ಪ ಕಡಿಮೆ’ ಎಂದು ಇಂದಿಗೂ ತೀರ್ಪು ಕೊಡುತ್ತಾರೆ. ಆ ತೀರ್ಪನ್ನು ಕೇಳಿಸಿಕೊಂಡು ಬೆಳೆದವರಿಗೆ ಈ ಆಲ್ಬಂ ನೇರವಾಗಿ ತಾಕುತ್ತದೆ.

ಎರಡನೆಯ ಟ್ರ್ಯಾಕ್ ‘ಆಸ್ಟ್ರಾನಮಿ’ಯನ್ನೇ ನೋಡಿ. ಬಾಸ್‌ನ ಮಂದ್ರ ನಾದ ತಣ್ಣಗೆ ನುಡಿಯುತ್ತಿರುವಾಗ ಇಬ್ಬರೂ ಕಪ್ಪಿಗೆ ಉಪಮೆಗಳನ್ನು ಪೋಣಿಸುತ್ತ ಹೋಗುತ್ತಾರೆ: ಜುಲೈ ತಿಂಗಳ ರಾತ್ರಿಯ ಆಕಾಶ, ಎಳೆ ಮಗಳ ನೋಟ, ಮುಸ್ಲಿಂ ಹೆಣ್ಣುಮಗಳ ಮುಸುಕು. ಇಲ್ಲಿ ಘೋಷಣೆಯ ಅಬ್ಬರವಿಲ್ಲ. ಎಲ್ಲರೂ ಅವಗುಣವೆಂದು ಎಣಿಸಿದ ಬಣ್ಣವನ್ನು ಕಣ್ತುಂಬ ನೋಡುವುದಷ್ಟೇ ಇದೆ. ಅಭಿಮಾನವನ್ನು ಹಾಡಾಗಿಸುವ ಬಗೆ ಇದೇ ಎಂದು ನನಗನ್ನಿಸುತ್ತದೆ.

‘ಬ್ರೌನ್ ಸ್ಕಿನ್ ಲೇಡಿ’ ಕೂಡ ಅದೇ ದಾರಿಯದು, ಕೇಳಲು ಇನ್ನೂ ಹಿತ. ಆದರೆ ಹೊಗಳುವವರೆಲ್ಲ ಗಂಡಸರು, ಹೊಗಳಿಸಿಕೊಳ್ಳುವವಳಿಗೆ ಮಾತಿಲ್ಲ. ಬಿಳಿಯರ ಅಳತೆಗೋಲನ್ನು ಮುರಿದವರು ತಮ್ಮದೇ ಇನ್ನೊಂದು ಅಳತೆಗೋಲನ್ನು ಹಿಡಿದು ನಿಂತಂತೆ ಕೆಲವೆಡೆ ಭಾಸವಾಗುತ್ತದೆ.

‘ಥೀವ್ಸ್ ಇನ್ ದಿ ನೈಟ್’ ಈ ಆಲ್ಬಮ್ಮಿನ ಶಿಖರ. ನೀಲಿ ಕಣ್ಣಿಗಾಗಿ ಹಂಬಲಿಸುವ ಕಪ್ಪು ಹುಡುಗಿಯ ಕಥೆ ಹೇಳುವ ಅಮೆರಿಕದ ಲೇಖಕಿ ಟೋನಿ ಮಾರಿಸನ್ ಅವರ 1970ರ ಕಾದಂಬರಿ ‘ದಿ ಬ್ಲೂಯೆಸ್ಟ್ ಐ’ ಇದಕ್ಕೆ ಪ್ರೇರಣೆ. ಕಾದಂಬರಿಯ ಕೊನೆಯ ಪುಟಗಳ ಆತ್ಮವಿಮರ್ಶೆ ಇಲ್ಲಿ ಪಲ್ಲವಿಯಾಗಿದೆ. ತಮ್ಮವರು ಆಕ್ರಮಣವನ್ನೇ ಶಕ್ತಿಯೆಂದೂ ಪರವಾನಗಿಯನ್ನೇ ಸ್ವಾತಂತ್ರ್ಯವೆಂದೂ ಭ್ರಮಿಸಿದ್ದಾರೆ ಎಂದು ತಮ್ಮ ಜನರ ಎದುರೇ ಹೇಳುವ ಧೈರ್ಯ ಈ ಹಾಡಿಗಿದೆ. ಹೆಸರಾಂತ ರ‍್ಯಾಪರುಗಳಾದ 1996ರಲ್ಲಿ ಟೂಪಾಕ್, 1997ರಲ್ಲಿ ನಟೋರಿಯಸ್ ಬಿ.ಐ.ಜಿ. ಗುಂಡಿಗೆ ಬಲಿಯಾದ ಮೇಲೆ ಬಂದ ಆಲ್ಬಂ ಎಂಬುದನ್ನು ನೆನೆದರೆ ಈ ಮಾತಿನ ತೂಕ ತಿಳಿಯುತ್ತದೆ. ‘ಡೆಫಿನಿಷನ್’ ಹಾಡು ಆ ಸಾವುಗಳನ್ನು ಹೆಸರಿಟ್ಟೇ ಪ್ರಸ್ತಾಪಿಸುತ್ತದೆ. ಕಾಮನ್ ಎಂಬ ರ‍್ಯಾಪರ್ ಜೊತೆಗಿನ ‘ರೆಸ್ಪಿರೇಷನ್’ ನಗರದ ರಾತ್ರಿಯ ಉಸಿರಾಟವನ್ನು ಹಿಡಿದಿಡುವ ಚೆಂದದ ಹಾಡು.

ಇತರ ರ‍್ಯಾಪರುಗಳನ್ನು ಕೆಣಕುವ ‘ಹೇಟರ್ ಪ್ಲೇಯರ್ಸ್’ ಮಾತ್ರ ನನಗೆ ಬೇಸರ ತರಿಸಿತು. ಅಖಾಡದ ಹೊರಗಿರುವವರಿಗೆ ಆ ಜಗಳದಲ್ಲಿ ದಕ್ಕುವುದು ಕಡಿಮೆ. ಬ್ರೂಕ್ಲಿನ್ನಿನ ಆಡುಮಾತು ಇಷ್ಟು ವೇಗದಲ್ಲಿ ಬರುವುದರಿಂದ ಸಾಹಿತ್ಯವನ್ನು ಎದುರಿಗಿಟ್ಟುಕೊಂಡೇ ಕೇಳಬೇಕಾಗುತ್ತದೆ. ಹೊಸಬರು ಮೊದಲಿನಿಂದ ಶುರುಮಾಡದೆ ಹನ್ನೊಂದು ಮತ್ತು ಹನ್ನೆರಡನೆಯ ಟ್ರ್ಯಾಕ್‌ಗಳಾದ ‘ರೆಸ್ಪಿರೇಷನ್’ ಹಾಗೂ ‘ಥೀವ್ಸ್ ಇನ್ ದಿ ನೈಟ್’ಗಳನ್ನು ಒಂದರ ಹಿಂದೊಂದು ಕೇಳಿ, ಆಮೇಲೆ ಎರಡನೆಯದಕ್ಕೆ ಬರುವುದು ಒಳ್ಳೆಯದು.