ಹಳೆಯ ಚಿತ್ರಗೀತೆಯ ರೆಕಾರ್ಡುಗಳಿಗೆ ನೀಲಿ ಮುಳ್ಳೇ ಸಾಕು

ಆಡಿಯೋ-ಟೆಕ್ನಿಕಾ ಕಂಪನಿಯ ವಿಎಂ95 ಕಾರ್ಟ್ರಿಡ್ಜಿಗೆ, ಅಂದರೆ ಟರ್ನ್‌ಟೇಬಲ್ಲಿನ ತೋಳಿನ ತುದಿಯಲ್ಲಿ ಮುಳ್ಳನ್ನು ಹಿಡಿದು ಅದರ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪುಟ್ಟ ಸಾಧನಕ್ಕೆ, ಹೊಂದುವ ಮೂರು ಮುಳ್ಳುಗಳನ್ನು ಎಂಟು ತಿಂಗಳು ಬದಲಾಯಿಸುತ್ತ ಕೇಳಿದ ಮೇಲೆ, ಅವುಗಳಲ್ಲಿ ಅತ್ಯಂತ ಅಗ್ಗದ ನೀಲಿ ಮುಳ್ಳು, ಅಂದರೆ ದುಂಡುತುದಿಯ ಕೋನಿಕಲ್, ನನ್ನ ಟರ್ನ್‌ಟೇಬಲ್ಲಿನಲ್ಲಿ ಕಾಯಂ ಆಗಿದೆ. ಅದಕ್ಕಿಂತ ಹಲವು ಪಟ್ಟು ಬೆಲೆಯ ಕೆಂಪು ಮೈಕ್ರೋಲೀನಿಯರ್ ಮುಳ್ಳನ್ನು ಮೊದಲು ಕೊಂಡವನೂ ನಾನೇ ಆದ್ದರಿಂದ ಈ ಮಾತನ್ನು ತುಸು ಸಂಕೋಚದಿಂದ ಬರೆಯುತ್ತಿದ್ದೇನೆ.

ನನ್ನ ರೆಕಾರ್ಡುಗಳಲ್ಲಿ ಹೆಚ್ಚಿನವು ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಸಂತೆಯಲ್ಲಿ ಸಿಕ್ಕ, ಅರವತ್ತು-ಎಪ್ಪತ್ತರ ದಶಕದ ಕನ್ನಡ ಚಿತ್ರಗೀತೆಗಳ ಇಪಿಗಳು, ಅಂದರೆ ನಿಮಿಷಕ್ಕೆ 45 ಸುತ್ತು ತಿರುಗುವ ಚಿಕ್ಕ ರೆಕಾರ್ಡುಗಳು. ಧ್ವನಿ ಮೋನೋ, ಅಂದರೆ ಎಡ ಬಲ ಎರಡಕ್ಕೂ ಒಂದೇ. ಏಳು ಇಂಚಿನ ತಟ್ಟೆಯ ಒಂದೊಂದು ಬದಿಗೆ ಎರಡೆರಡು ಹಾಡು ತುರುಕಿರುವುದರಿಂದ ಎರಡನೆಯ ಹಾಡು ಲೇಬಲ್ಲಿನ ಅಂಚಿನವರೆಗೂ ಸರಿಯುತ್ತದೆ. ಸೂಟ್‌ಕೇಸ್ ಪ್ಲೇಯರುಗಳ ಭಾರದ ಮುಳ್ಳು ಅದನ್ನು ವರ್ಷಗಟ್ಟಲೆ ಉತ್ತದ್ದು ಬೇರೆ.

ಕೆಂಪು ಮುಳ್ಳು ಹಾಕಿದಾಗ ನನ್ನನ್ನು ಸತಾಯಿಸಿದ್ದು ‘ಸ’ಕಾರ. ಎಸ್. ಜಾನಕಿಯವರು ಹಾಡಿರುವ ಒಂದು ಗೀತೆಯ ಕೊನೆಯ ಚರಣದಲ್ಲಿ ಬರುವ ‘ಸ’ಗಳೆಲ್ಲ ಒಗ್ಗರಣೆಗೆ ಬಿದ್ದ ಸಾಸಿವೆಯಂತೆ ಚಟಪಟ ಸಿಡಿಯುತ್ತಿದ್ದವು. ಮುಳ್ಳು ರೆಕಾರ್ಡನ್ನು ಒತ್ತುವ ತೂಕವನ್ನು 2.0 ಗ್ರಾಮಿನಿಂದ 2.2ಕ್ಕೆ ಏರಿಸಿದೆ, ಕೋನಮಾಪಕದ ಹಾಳೆ ಹಾಸಿ ಕಾರ್ಟ್ರಿಡ್ಜನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದೆ, ರೆಕಾರ್ಡನ್ನು ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು ಒಣಗಿಸಿದೆ. ಒಂದು ಇಡೀ ಶನಿವಾರ ಅದೇ ಚರಣವನ್ನು ಕೇಳಿಸಿಕೊಂಡ ಮನೆಯಾಕೆ, “ಇದನ್ನ ಹಾಡು ಕೇಳೋಕ್ಕೆ ತಂದ್ರೋ, ಪೋಸ್ಟ್‌ಮಾರ್ಟಂ ಮಾಡೋಕ್ಕೆ ತಂದ್ರೋ?” ಎಂದು ಕೇಳಿದಳು.

ಅದು ಮುಳ್ಳಿನ ತಪ್ಪಲ್ಲ. ಮೈಕ್ರೋಲೀನಿಯರ್ ತುದಿಯ ಅಂಚು ಬಹಳ ತೆಳು. ಗ್ರೂವಿನ, ಅಂದರೆ ರೆಕಾರ್ಡಿನಲ್ಲಿ ಹಾಡು ಕೊರೆದಿರುವ ಗೀರಿನ, ಗೋಡೆಯಲ್ಲಿ ಇರುವುದನ್ನೆಲ್ಲ, ಮುದ್ರಣದಲ್ಲೇ ಒಡೆದ ದನಿಯನ್ನೂ ಸೇರಿಸಿ, ಅದು ಪ್ರಾಮಾಣಿಕವಾಗಿ ಒಪ್ಪಿಸುತ್ತದೆ. ನೀಲಿ ಮುಳ್ಳಿನ ತುದಿಯ ತ್ರಿಜ್ಯ ಸುಮಾರು 15 ಮೈಕ್ರಾನ್ ಇರುವುದರಿಂದ ಒಳಸುತ್ತುಗಳ ಅತಿ ಸಣ್ಣ ತಿರುವುಗಳೊಳಗೆ ಅದು ಇಳಿಯಲಾರದೆ ತೇಲಿಹೋಗುತ್ತದೆ, ಆಗ ‘ಸ’ದ ಮೊನೆ ಮೊಂಡಾಗುತ್ತದೆ. ಶಾಸ್ತ್ರದ ಪ್ರಕಾರ ಇದು ದೋಷ. ನನ್ನ ಇಪಿಗಳಿಗೆ ಇದೇ ಔಷಧ. ಶುಚಿಯಾದ ಸ್ಟೀರಿಯೋ ಎಲ್‌ಪಿಯಲ್ಲಿ ಪಿಟೀಲು ಕೇಳುವಾಗ ಮಾತ್ರ ಇದೇ ಮೊಂಡುತನದಿಂದ ನಾದ ಮಂಕಾಗುತ್ತದೆ, ಅಲ್ಲಿ ಕೆಂಪು ಮುಳ್ಳಿಗೆ ಸಾಟಿಯಿಲ್ಲ. ಸವೆದ ಎರಡು ಇಪಿಗಳೂ ಅದರಲ್ಲೇ ಚೆನ್ನಾಗಿ ನುಡಿದವು. ಹಳೆಯ ಮುಳ್ಳು ಉಜ್ಜದೆ ಬಿಟ್ಟ ಜಾಗವನ್ನು ಅದು ಮುಟ್ಟಿರಬೇಕು.

ಮೂರನೆಯದಾದ ಹಸಿರು ಎಲಿಪ್ಟಿಕಲ್, ಅಂದರೆ ಅಂಡಾಕಾರದ ತುದಿಯದು, ನೀಲಿ ಕೆಂಪುಗಳ ನಡುವಿನದು, ಮತ್ತು ನನಗೆ ಇಪಿಗೂ ಎಲ್‌ಪಿಗೂ ಆಗಿಬರಲಿಲ್ಲ.

ಗೆಳೆಯರ ಮನೆಯಲ್ಲಿ ಡೆನಾನ್ ಡಿಎಲ್-103 ಕೇಳಿದ್ದೇನೆ. ಜಪಾನಿನ ಎನ್‌ಎಚ್‌ಕೆ ಪ್ರಸಾರಕ್ಕೆಂದು ಅರವತ್ತರ ದಶಕದಲ್ಲಿ ರೂಪಿಸಿದ ಈ ಕಾರ್ಟ್ರಿಡ್ಜಿನದೂ ದುಂಡುತುದಿಯೇ, ಅದರಲ್ಲಿ ಪಿ.ಬಿ. ಶ್ರೀನಿವಾಸರ ಕಂಠ ಎದುರಿಗೆ ಕುಳಿತು ಹಾಡಿದಷ್ಟು ತುಂಬಾಗಿತ್ತು. ಆದರೆ ಅದಕ್ಕೆ 2.5 ಗ್ರಾಂ ಒತ್ತಡ, ಭಾರದ ತೋಳು, ಕ್ಷೀಣ ಸಂಕೇತವನ್ನು ಹಿಗ್ಗಿಸಲು ಪ್ರತ್ಯೇಕ ಸಾಧನ, ಇಷ್ಟೂ ಬೇಕು. ನನ್ನ ಜೇಬು ಅಲ್ಲಿಗೆ ಕೈ ಮುಗಿಯಿತು.

ಮುಳ್ಳಿಗಿಂತ ಮೊದಲು ಯಾರಾದರೂ ಹೇಳಬೇಕಾಗಿದ್ದ ಸಂಗತಿ ಇನ್ನೊಂದಿದೆ. ಮೋನೋ ರೆಕಾರ್ಡಿನಲ್ಲಿ ಹಾಡು ಇರುವುದು ಅಡ್ಡ ಚಲನೆಯಲ್ಲಿ ಮಾತ್ರ, ಮೇಲೆ ಕೆಳಗಿನ ಚಲನೆಯೆಲ್ಲ ಗದ್ದಲವೇ. ಎಡ ಬಲ ಚಾನೆಲ್ಲುಗಳನ್ನು ಒಂದಾಗಿಸಿದರೆ ಆ ಗದ್ದಲ ತನ್ನಷ್ಟಕ್ಕೆ ರದ್ದಾಗುತ್ತದೆ. ನನ್ನ ಆಂಪ್ಲಿಫೈಯರಿನಲ್ಲಿ ಮೋನೋ ಗುಂಡಿಯಿಲ್ಲದ್ದರಿಂದ ಎರಡು ತಂತಿಗಳು ಒಂದಾಗಿ ಸೇರುವ ವೈ ಕೇಬಲ್ಲುಗಳು ಎರಡನ್ನು ಬೆನ್ನಿಗೆ ಬೆನ್ನು ಜೋಡಿಸಿಕೊಂಡೆ. ಅಂದಿನಿಂದ ಕರಕರ ಅರ್ಧಕ್ಕಿಳಿದಿದೆ.

ಮೂರೂ ಮುಳ್ಳುಗಳು ಒಂದೇ ಕಾರ್ಟ್ರಿಡ್ಜಿಗೆ ಕೂರುವುದರಿಂದ ಬದಲಾಯಿಸಲು ಸ್ಕ್ರೂ ಬಿಚ್ಚಬೇಕಿಲ್ಲ, ಮೆಲ್ಲಗೆ ಎಳೆದು ಇನ್ನೊಂದನ್ನು ಸಿಕ್ಕಿಸಿದರಾಯಿತು. ಪ್ರತಿ ಸಂಜೆ ಕಾಫಿಯ ನಂತರ ನಾಲ್ಕೈದು ಇಪಿ ಕೇಳುವುದು ನನ್ನ ರೂಢಿ. ಕೋನಿಕಲ್ ಮುಳ್ಳಿಗೆ ಕಂಪನಿ ಹೇಳುವ ಆಯುಸ್ಸು 500 ಗಂಟೆ. ಅದು ಮುಗಿದಾಗ ಇನ್ನೊಂದು ನೀಲಿಯನ್ನು ಕೊಳ್ಳುವುದು ಭಾರವಲ್ಲ. ಕೆಂಪಿಗೆ 1000 ಗಂಟೆ. ತಿಂಗಳಿಗೊಮ್ಮೆ ಎಲ್‌ಪಿಗೆಂದು ಬೀರುವಿನಿಂದ ಹೊರಬರುವ ಅದು, ಈ ಲೆಕ್ಕದಲ್ಲಿ ನನ್ನ ಮೊಮ್ಮಗನ ಕಾಲಕ್ಕೂ ಸವೆಯಲಾರದು.