ಕೈ ಕಚ್ಚಿದ್ದು ಡಿಡಕ್ಟಿಬಲ್ ಅಲ್ಲ, ರೂಮ್ ಬಾಡಿಗೆ

ಅಪ್ಪ ಅಮ್ಮನ ಹೆಸರಲ್ಲಿ ಕೆಲವು ವರ್ಷಗಳಿಂದ ಇಬ್ಬರಿಗೂ ಸೇರಿ ಎರಡು ಆರೋಗ್ಯ ವಿಮೆ ಪಾಲಿಸಿ ನಡೆಸುತ್ತಿದ್ದೇನೆ. ಒಂದು, 3 ಲಕ್ಷದ ಬೇಸ್ ಪಾಲಿಸಿ. ಇನ್ನೊಂದು, ಬೇರೆ ಕಂಪನಿಯ ಸೂಪರ್ ಟಾಪ್-ಅಪ್. ಅದರ ಡಿಡಕ್ಟಿಬಲ್ 3 ಲಕ್ಷ. ವರ್ಷದ ಆಸ್ಪತ್ರೆ ಖರ್ಚಲ್ಲಿ ಮೊದಲ 3 ಲಕ್ಷಕ್ಕೂ ಅವರಿಗೂ ಸಂಬಂಧವಿಲ್ಲ, ಅದರ ಮೇಲಿನದು ಮಾತ್ರ ಅವರದು. ಪ್ರೀಮಿಯಂ, ಆಸ್ಪತ್ರೆಗಳ ಪಟ್ಟಿ ಎಲ್ಲ ಆ್ಯಪ್‌ನಲ್ಲೇ ಇರುತ್ತದೆ, ಅದನ್ನು ಬಿಡಿ.

ಹಾಸನದಲ್ಲಿ ನನ್ನದು ಗೊಬ್ಬರ, ಬಿತ್ತನೆ ಆಲೂಗಡ್ಡೆ ಅಂಗಡಿ. ಕೈಯಲ್ಲಿ ಕಾಸು ಆಡುವುದು ಮೇ, ಜೂನ್‌ನಲ್ಲಿ. ಅದಕ್ಕೇ ಎರಡೂ ರಿನ್ಯೂವಲ್ ಜೂನ್‌ಗೆ ಬರುವ ಹಾಗೆ ಮಾಡಿಕೊಂಡಿದ್ದೇನೆ. ಕಡಿಮೆ ಪ್ರೀಮಿಯಂ ಅಂತಲೇ ಈ ಬೇಸ್ ಪಾಲಿಸಿ ತೆಗೆದುಕೊಂಡಿದ್ದು. ಏಕೆ ಕಡಿಮೆ ಅಂತ ಅಮ್ಮನ ಆಪರೇಷನ್ ಆದಾಗ ಗೊತ್ತಾಯಿತು.

ಪಿತ್ತಕೋಶದ ಕಲ್ಲು. ಮೈಸೂರಿನ ಆಸ್ಪತ್ರೆ. ಬಿಲ್ 1,40,000. ಕ್ಯಾಶ್‌ಲೆಸ್ ಇತ್ತು, ಅಂದರೆ ವಿಮಾ ಕಂಪನಿಯೇ ಆಸ್ಪತ್ರೆಗೆ ನೇರ ಕಟ್ಟುತ್ತದೆ. ಆದರೂ ಡಿಸ್ಚಾರ್ಜ್ ದಿನ 42,000 ಕಟ್ಟಿಸಿಕೊಂಡರು. ಗ್ಲೌಸ್, ಮಾಸ್ಕ್ ಇತ್ಯಾದಿಗೆ 6,000 ಹೋಯಿತು, ಅದು ಎಲ್ಲರಿಗೂ ಹೋಗುವುದೇ. ಉಳಿದ 36,000 ಹೋಗಿದ್ದು ರೂಮಿನ ಲೆಕ್ಕದಲ್ಲಿ. ನಮ್ಮ ಪಾಲಿಸಿಯಲ್ಲಿ ರೂಮ್ ಬಾಡಿಗೆಗೆ ವಿಮಾ ಮೊತ್ತದ ಶೇ. 1, ಅಂದರೆ ದಿನಕ್ಕೆ 3,000 ಮಿತಿ. 3,000ದ ರೂಮ್ ಖಾಲಿ ಇಲ್ಲ ಅಂತ 5,000ದ್ದು ಕೊಟ್ಟರು. ನಾಲ್ಕು ದಿನಕ್ಕೆ ವ್ಯತ್ಯಾಸ 8,000 ತಾನೇ? ಅಷ್ಟಕ್ಕೇ ಬಿಡಲಿಲ್ಲ. 5,000ದಲ್ಲಿ 3,000 ಅಂದರೆ ಶೇ. 60. ಸರ್ಜನ್ ಫೀಸು, ಅನಸ್ತೇಷಿಯಾ, ಓಟಿ, ನರ್ಸಿಂಗ್ ಸೇರಿ 70,000 ಆಗಿತ್ತು. ಅದರಲ್ಲೂ ಶೇ. 60 ಮಾತ್ರ ಕೊಟ್ಟು 28,000 ಕತ್ತರಿಸಿದರು. ಔಷಧಿ, ಟೆಸ್ಟ್‌ಗಳನ್ನು ಮುಟ್ಟಲಿಲ್ಲ, ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲ. ರೂಮಿನ ದರ್ಜೆ ನೋಡಿ ಬಿಲ್ ಏರಿಸದ ಆಸ್ಪತ್ರೆಯಾದರೆ ಈ ಕತ್ತರಿಯೇ ಇಲ್ಲ. ಇದನ್ನು ಅಡ್ಮಿಟ್ ಆಗುವ ಮೊದಲೇ ವಿಮೆ ಡೆಸ್ಕಿನಲ್ಲಿ ಕೇಳಿ. ಪಾಲಿಸಿ ಮಾರುವಾಗ ಏಜೆಂಟ್ ಟ್ಯಾಕ್ಸ್ ಉಳಿತಾಯದ ಬಗ್ಗೆ ಅರ್ಧ ಗಂಟೆ ಮಾತಾಡಿದ್ದರು. ರೂಮ್ ಬಾಡಿಗೆ ಬಗ್ಗೆ ಒಂದು ಮಾತೂ ಇಲ್ಲ. ಸಿಟ್ಟು ಬರುವುದಿಲ್ಲವಾ?

ಇಷ್ಟಾದರೂ ಸೂಪರ್ ಟಾಪ್-ಅಪ್ ಸುಮ್ಮನೆ ಕೂತಿತ್ತು, 3 ಲಕ್ಷ ದಾಟಿಲ್ಲವಲ್ಲ. ದಂಡಕ್ಕೆ ಕಟ್ಟುತ್ತಿದ್ದೇವೆ ಅಂತ ಮನೆಯವಳು ಗೊಣಗಿದಳು. ಅದೇ ವರ್ಷ ಅಪ್ಪನಿಗೆ ಆಂಜಿಯೋಪ್ಲಾಸ್ಟಿ ಆಯಿತು. ಬಿಲ್ 3,60,000. ಈ ಸಲ ಪಟ್ಟು ಹಿಡಿದು 3,000ದ ರೂಮೇ ತೆಗೆದುಕೊಂಡೆವು. 10,000 ಮಾತ್ರ ಕಟ್ ಆಯಿತು. ಬೇಸ್ ಪಾಲಿಸಿಯಲ್ಲಿ ಅಮ್ಮನಿಗೆ ಕೊಟ್ಟ 98,000 ಹೋಗಿ 2,02,000 ಉಳಿದಿತ್ತು, ಅಷ್ಟನ್ನೂ ಕೊಟ್ಟರು. ಬಾಕಿ 1,48,000. ಅದನ್ನು ಪೂರ್ತಿ ಸೂಪರ್ ಟಾಪ್-ಅಪ್ ಕೊಟ್ಟಿತು! ಅಮ್ಮನ 98,000, ಅಪ್ಪನ 3,50,000 ಎರಡನ್ನೂ ಕೂಡಿಸಿ, ಅದರಲ್ಲಿ 3 ಲಕ್ಷ ಕಳೆದರು. ಬರೀ ಟಾಪ್-ಅಪ್ ಆಗಿದ್ದರೆ ಒಂದೊಂದು ಕ್ಲೇಮಿಗೂ 3 ಲಕ್ಷ ಬೇರೆ ಬೇರೆ ಕಳೆಯುತ್ತಿದ್ದರು, 50,000 ಸಿಕ್ಕಿದ್ದರೆ ಹೆಚ್ಚು. 'ಸೂಪರ್' ಇದೆಯಾ ಅಂತ ಎರಡು ಸಲ ನೋಡಿಕೊಳ್ಳಿ.

ಈ ಕ್ಲೇಮು ಕ್ಯಾಶ್‌ಲೆಸ್ ಅಲ್ಲ, ನಾವೇ ಕಟ್ಟಿ ಆಮೇಲೆ ವಾಪಸ್ ಪಡೆದಿದ್ದು. ಕಾಗದದ ಕೆಲಸ ಜಾಸ್ತಿ. ಆದರೆ ನನಗೆ ಅದು ಹಿಡಿಸಿಬಿಟ್ಟಿದೆ ಅಂದರೆ ನಗಬೇಡಿ. ರಾತ್ರಿ ಅಂಗಡಿ ಮುಚ್ಚಿ ಬಂದು, ಊಟ ಮುಗಿಸಿ, ಹಾಲ್‌ನಲ್ಲಿ ಚಾಪೆ ಹಾಸಿ ಬಿಲ್‌ಗಳನ್ನೆಲ್ಲ ಹರಡಿಕೊಳ್ಳುತ್ತೇನೆ. ಔಷಧಿ ಬಿಲ್ಲಿನ ಹಿಂದೆ ಅದರದೇ ಚೀಟಿ, ಟೆಸ್ಟ್ ಬಿಲ್ಲಿನ ಹಿಂದೆ ಅದರ ರಿಪೋರ್ಟ್. ತಾರೀಕಿನ ಪ್ರಕಾರ ಜೋಡಿಸಿ, ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ ನಂಬರ್. ಅಪ್ಪ ಕನ್ನಡಕ ಏರಿಸಿಕೊಂಡು ಒಂದೊಂದೇ ಮೊತ್ತ ಓದುತ್ತಾರೆ, ನಾನು ಕ್ಯಾಲ್ಕುಲೇಟರ್ ಒತ್ತುತ್ತೇನೆ. ತಮ್ಮ ಹೃದಯದ ಸ್ಟೆಂಟ್ ಬೆಲೆ ಓದುವಾಗ ಅವರ ಮುಖ ನೋಡಬೇಕು. ಮೊದಲ ಕಂಪನಿಯ ಸೆಟಲ್‌ಮೆಂಟ್ ಲೆಟರ್ ಎಲ್ಲಕ್ಕಿಂತ ಮೇಲೆ. ಅದಿಲ್ಲದಿದ್ದರೆ ಎರಡನೆಯವರು ಫೈಲ್ ತೆರೆಯುವುದೂ ಇಲ್ಲ. ಎಲ್ಲ ಎರಡು ಸೆಟ್ ಜೆರಾಕ್ಸ್.

ಸೂಪರ್ ಟಾಪ್-ಅಪ್‌ಗೆ ಐದಕ್ಕೆ ನಾಲ್ಕೂವರೆ. ಅರ್ಧ ಕಳೆದಿದ್ದು ಅವರ ಕಾಲ್ ಸೆಂಟರ್‌ನ ಹಾಡಿಗೆ. ಬೇಸ್ ಪಾಲಿಸಿಗೆ ಎರಡು, ಅದೂ ಅಪ್ಪನ ಕ್ಲೇಮನ್ನು ಬೇಗ ಮುಗಿಸಿದ್ದಕ್ಕೆ. ಅದನ್ನು ಪೋರ್ಟ್ ಮಾಡುತ್ತಿದ್ದೇನೆ, ಅಂದರೆ ಬೇರೆ ಕಂಪನಿಗೆ ಬದಲಾಯಿಸುತ್ತಿದ್ದೇನೆ. ರಿನ್ಯೂವಲ್‌ಗೆ 45 ದಿನ ಮೊದಲೇ ಅರ್ಜಿ ಕೊಡಬೇಕು, ನನಗೆ ಅದು ಏಪ್ರಿಲ್. ಇಲ್ಲಿ ಈಗಾಗಲೇ ಮುಗಿಸಿದ ವೇಟಿಂಗ್ ಪೀರಿಯಡ್ (ಕೆಲವು ಕಾಯಿಲೆಗಳಿಗೆ ವಿಮೆ ಸಿಗುವ ಮೊದಲು ಕಾಯಬೇಕಾದ ಅವಧಿ) ಹೊಸ ಕಂಪನಿಯಲ್ಲೂ ಲೆಕ್ಕಕ್ಕೆ ಬರುತ್ತದೆ. ರೂಮ್ ಮಿತಿ ಇಲ್ಲದ ಪಾಲಿಸಿಗೆ ಪ್ರೀಮಿಯಂ ಸ್ವಲ್ಪ ಜಾಸ್ತಿಯೇ. ಆದರೆ 2025ರ ಸೆಪ್ಟೆಂಬರ್ 22ರಿಂದ ನಾವು ಸ್ವಂತಕ್ಕೆ ಮಾಡಿಸುವ ಆರೋಗ್ಯ ವಿಮೆಗೆ ಶೇ. 18ರ ಜಿಎಸ್‌ಟಿ ಇಲ್ಲವಲ್ಲ, ಆ ದುಡ್ಡು ಇಲ್ಲಿಗೆ ಹಾಕಿದರಾಯಿತು.